ಕತ್ತರಿಸಿದಷ್ಟೂ ಹೂ ಕೊಡುವ ಜಿನಿಯಾ

ನಮ್ಮಲ್ಲಿ ಹೂವಿಗೆ ಕಾಂಡದ ಲೆಕ್ಕವಿಲ್ಲ. ಮಲ್ಲಿಗೆ, ಕನಕಾಂಬರ, ಕಾಕಡ ಮೊಳಕ್ಕೆ, ಮಾರಿಗೆ ಬಿಕರಿಯಾಗುತ್ತವೆ. ಸೇವಂತಿಗೆಯನ್ನೂ ಚೆಂಡುಹೂವನ್ನೂ ತೂಗಿ ಕೊಡುತ್ತಾರೆ. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಗೆ ನಸುಕಿನಲ್ಲಿ ಬಂದಿಳಿಯುವ ಮೂಟೆಗಳಲ್ಲಿ ಹೆಚ್ಚಿನವು ಬಿಡಿ ಹೂವೇ. ದೇವರ ಪಟಕ್ಕೆ, ಹೆಣ್ಣುಮಕ್ಕಳ ಜಡೆಗೆ, ಬಾಗಿಲ ತೋರಣಕ್ಕೆ ತೊಟ್ಟಿನಿಂದ ಮೇಲಿನ ಭಾಗ ಸಿಕ್ಕರೆ ಸಾಕು. ಹಾಗಾಗಿ ಅಂಗಳದಲ್ಲಿ ಹೂ ಕೀಳುವ ಕೈ ಕೂಡ ಹೂವಿನ ಬುಡದಲ್ಲೇ ಚಿವುಟುತ್ತದೆ. ಗಿಡಕ್ಕೆ ನೋವಾಗದಂತೆ ಬೆರಳ ತುದಿಯಲ್ಲಿ ಹೂ ಬಿಡಿಸಬೇಕೆಂದು ಅಜ್ಜಿಯಂದಿರು ಹೇಳಿಕೊಟ್ಟಿದ್ದಾರೆ. ಮಲ್ಲಿಗೆಗೂ ದಾಸವಾಳಕ್ಕೂ ಅದು ಸರಿಯಾದ ಪಾಠ.

ಜಿನಿಯಾ ಬೆಳೆಯುವವರು ಮಾತ್ರ ಈ ಒಂದು ಅಭ್ಯಾಸವನ್ನು ಬದಿಗಿಡಬೇಕು. ಈ ಗಿಡದಿಂದ ವಾರವಾರವೂ ಹೂಜಾಡಿ ತುಂಬುವಷ್ಟು ಹೂ ಬೇಕಿದ್ದರೆ ಕತ್ತರಿ ಕೆಳಗಿಳಿಯಬೇಕು. ಹೂವಿನ ಜೊತೆ ಒಂದು ಗೇಣು, ಒಂದೂವರೆ ಗೇಣು ಕಾಂಡವನ್ನೂ, ಆ ಕಾಂಡದಲ್ಲಿರುವ ಎಳೆ ಮೊಗ್ಗುಗಳನ್ನೂ ತೆಗೆದುಕೊಂಡು ಬರಬೇಕು. ಕೇಳಿದರೆ ಗಿಡಕ್ಕೆ ಅನ್ಯಾಯ ಮಾಡಿದಂತೆ ಅನ್ನಿಸುತ್ತದೆ. ಆದರೆ ಹೀಗೆ ಕತ್ತರಿಸಿದ ಗಿಡವೇ ಮತ್ತೆ ಮತ್ತೆ ಹೂ ಕೊಡುತ್ತದೆ. ಮೇಲೆ ಮೇಲೆ ಚಿವುಟಿದ ಗಿಡ ಮೂರ್ನಾಲ್ಕು ವಾರಗಳಲ್ಲಿ ಬಡಕಲು ಕಡ್ಡಿಗಳ ಪೊದೆಯಾಗಿ ನಿಲ್ಲುತ್ತದೆ. ಜಿನಿಯಾ ಬೆಳೆಯುವುದು ಸುಲಭ ಎಂದು ಎಲ್ಲರೂ ಹೇಳುತ್ತಾರೆ, ಅದು ನಿಜವೂ ಹೌದು. ಕಲಿಯಬೇಕಾದದ್ದು ಕತ್ತರಿ ಹಿಡಿಯುವ ಕ್ರಮವನ್ನು.

ಜಿನಿಯಾದ ತವರು ಮೆಕ್ಸಿಕೊ. ಜರ್ಮನಿಯ ಗಾಟಿಂಗನ್‌ನಲ್ಲಿದ್ದ ಯೊಹಾನ್ ಗಾಟ್‌ಫ್ರೀಡ್ ಜಿನ್ ಎಂಬ ವೈದ್ಯನ ನೆನಪಿಗೆ ಲಿನೀಯಸ್ ಈ ಕುಲಕ್ಕೆ ಹೆಸರಿಟ್ಟ. ಜಿನ್ ಕಣ್ಣಿನ ಅಂಗರಚನೆಯ ಬಗ್ಗೆ ಬರೆದವನು; 1759ರಲ್ಲಿ, 31ನೆಯ ವಯಸ್ಸಿನಲ್ಲೇ ತೀರಿಕೊಂಡ. ಸೂರ್ಯಕಾಂತಿ, ಸೇವಂತಿಗೆ, ಚೆಂಡುಹೂ ಇರುವ ಕುಟುಂಬಕ್ಕೇ ಜಿನಿಯಾವೂ ಸೇರಿದೆ. ನಾವು ಒಂದು ಹೂ ಎಂದು ಕರೆಯುವುದು ನಿಜಕ್ಕೆ ಪುಟ್ಟ ಪುಟ್ಟ ಹೂಗಳ ಒಂದು ಗೊಂಚಲು. ಅಂಚಿನಲ್ಲಿರುವ ಬಣ್ಣದ ಒಂದೊಂದು ಎಸಳೂ ಒಂದೊಂದು ಹೂ, ನಡುವಿನ ಬಿಲ್ಲೆಯಲ್ಲಿ ಕಾಣುವ ಹಳದಿ ನಕ್ಷತ್ರಗಳೂ ಒಂದೊಂದು ಹೂ. ಯಾವಾಗ ಕೊಯ್ಯಬೇಕು ಎನ್ನುವಲ್ಲಿ ಈ ರಚನೆ ನಮ್ಮ ಕೆಲಸಕ್ಕೆ ಬರುತ್ತದೆ.

ಮೊದಲು ಬೀಜದ ಮಾತು. ನರ್ಸರಿಗಳಲ್ಲಿ ಪುಟ್ಟ ಪಾಲಿಥೀನ್ ಚೀಲದಲ್ಲಿ ಆಗಲೇ ಹೂ ಬಿಟ್ಟು ನಿಂತಿರುವ ಜಿನಿಯಾ ಗಿಡಗಳು ಬಹುಪಾಲು ಗಿಡ್ಡ ತಳಿಗಳು. ಒಂದಡಿ ಬೆಳೆದು ಪೊದೆಯಾಗಿ ಹರಡುವುದಕ್ಕೆಂದೇ ಅವನ್ನು ರೂಪಿಸಿದ್ದಾರೆ. 1999ರಲ್ಲಿ ಅಮೆರಿಕದ ತಳಿ ಸ್ಪರ್ಧೆಯಲ್ಲಿ ಚಿನ್ನದ ಪದಕ ಪಡೆದ ಪ್ರೊಫ್ಯೂಶನ್ ಇಂಥ ತಳಿ. ಕುಂಡಕ್ಕೆ, ಅಂಚು ಸಾಲಿಗೆ ಅದು ಬಲು ಚೆನ್ನ. ರೋಗಕ್ಕೂ ಬೇಗ ಬಗ್ಗುವುದಿಲ್ಲ. ಆದರೆ ಅದರಿಂದ ಉದ್ದ ಕಾಂಡ ಬಯಸಿದರೆ ಸಿಗುವುದಿಲ್ಲ. ಎಷ್ಟೇ ಗೊಬ್ಬರ ಸುರಿದರೂ ಗಿಡ್ಡ ತಳಿ ಗಿಡ್ಡವೇ. ಜಾಡಿಗೆ ಹೂ ಬೇಕೆನ್ನುವವರು ಪೊಟ್ಟಣದ ಮೇಲೆ ಎತ್ತರ ಎಷ್ಟೆಂದು ಓದಿ ಕೊಳ್ಳಬೇಕು. ಎರಡೂವರೆ ಅಡಿಯಿಂದ ಮೂರೂವರೆ ಅಡಿ ಎಂದಿದ್ದರೆ ಅದು ನಮ್ಮ ಬೀಜ. ‘ಜೈಂಟ್’, ‘ಡೇಲಿಯಾ ಫ್ಲವರ್ಡ್’ ಎಂದು ಬರೆದಿರುವವು ಸಾಮಾನ್ಯವಾಗಿ ಎತ್ತರದವು. ಹೂ ಬೆಳೆಗಾರರು ಹೆಚ್ಚು ನೆಚ್ಚುವುದು ಬೆನರೀಸ್ ಜೈಂಟ್ ಎಂಬ ಜರ್ಮನ್ ತಳಿಯನ್ನು. ಅಂಗೈಯಗಲದ ಹೂ, ಗಟ್ಟಿ ಕಾಂಡ, ಬಣ್ಣಗಳು ಬೇರೆ ಬೇರೆಯಾಗಿಯೇ ಸಿಗುತ್ತವೆ. ಬೆಲೆ ತುಸು ಜಾಸ್ತಿಯಾದರೂ ಕೊಡಬಹುದು. ಅಷ್ಟು ದೊಡ್ಡ ಹೂ ಬೇಡ ಎನ್ನುವವರಿಗೆ ಎರಡಂಗುಲ ಅಗಲದ ಹೂ ಬಿಡುವ ಎತ್ತರದ ತಳಿಗಳೂ ಇವೆ. ಸಣ್ಣ ಮನೆಯ ಸಣ್ಣ ಮೇಜಿಗೆ ಅವೇ ಹೆಚ್ಚು ಒಪ್ಪುತ್ತವೆ ಎಂಬುದು ನನ್ನ ಅಭಿಪ್ರಾಯ.

ಜಿನಿಯಾ ಹಗಲಿನ ಉದ್ದವನ್ನು ಗಮನಿಸುವ ಗಿಡ. ಹಗಲು ಕಿರಿದಾದಾಗ ಬೇಗ ಮೊಗ್ಗಿಗೆ ಬರುತ್ತದೆ, ಗಿಡ ಕುಳ್ಳಗೇ ಉಳಿಯುತ್ತದೆ. ಹಗಲು ಹಿರಿದಾದಾಗ ನಿಧಾನವಾಗಿ ಎತ್ತರಕ್ಕೆ ಬೆಳೆದು ಆಮೇಲೆ ಹೂ ಬಿಡುತ್ತದೆ. ಯುರೋಪಿನ, ಅಮೆರಿಕದ ತೋಟಗಾರರಿಗೆ ಬೇಸಿಗೆಯಲ್ಲಿ ದಿನಕ್ಕೆ ಹದಿನಾಲ್ಕು, ಹದಿನೈದು ಗಂಟೆ ಬೆಳಕು ಸಿಗುತ್ತದೆ. ಬೆಂಗಳೂರಿನಲ್ಲಿ ಡಿಸೆಂಬರ್‌ನ ಹಗಲು 11 ಗಂಟೆ 20 ನಿಮಿಷದ ಆಸುಪಾಸು. ಜೂನ್‌ನಲ್ಲಿ ಕೂಡ ಅದು 13 ಗಂಟೆ ತುಂಬುವುದಿಲ್ಲ. ಹಾಗಾಗಿ ಅಲ್ಲಿಯ ಚಿತ್ರಗಳಲ್ಲಿ ಎದೆಮಟ್ಟಕ್ಕೆ ನಿಂತ ಗಿಡ ನಮ್ಮಲ್ಲಿ ಚಳಿಗಾಲದಲ್ಲಿ ತೊಡೆಮಟ್ಟಕ್ಕೆ ನಿಂತರೆ ಆರೈಕೆಯಲ್ಲಿ ಕೊರತೆಯಾಯಿತೆಂದು ಕೊರಗಬೇಕಿಲ್ಲ. ಇಲ್ಲಿ ಗಿಡ ಬೇಗ ಹೂ ಬಿಡಲು ಆತುರಪಡುತ್ತದೆ. ಅದನ್ನು ತಡೆದು ಕವಲೊಡೆಸುವ ಕೆಲಸ ನಮ್ಮ ಕೈಯಲ್ಲಿದೆ.

ಒಳನಾಡಿನ ಬೆಂಗಳೂರು, ಮೈಸೂರು, ತುಮಕೂರು ಕಡೆಯವರು ಸೆಪ್ಟೆಂಬರ್ ಕೊನೆಯಿಂದ ಫೆಬ್ರುವರಿವರೆಗೆ ಯಾವಾಗ ಬೇಕಾದರೂ ಬಿತ್ತಬಹುದು. ಕರಾವಳಿ, ಮಲೆನಾಡಿನವರು ದಸರೆ ಕಳೆಯುವತನಕ ಕಾಯುವುದು ವಾಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಈ ಗಿಡದ ಎಲೆ ಕೊಳೆಯುತ್ತದೆ, ಹೂ ನೀರು ಕುಡಿದು ತಲೆ ಬಾಗಿಸುತ್ತದೆ. ಕಲಬುರಗಿ, ರಾಯಚೂರಿನ ಬಿಸಿಲನ್ನು ಗಿಡ ತಾಳುತ್ತದಾದರೂ ಏಪ್ರಿಲ್ ದಾಟಿದ ಮೇಲೆ ಹೂ ಚಿಕ್ಕದಾಗುತ್ತದೆ, ಬಣ್ಣ ಮಂಕಾಗುತ್ತದೆ.

ಬಿತ್ತಿದ ದಿನದಿಂದ ಮೊದಲ ಹೂವಿಗೆ ಅರವತ್ತರಿಂದ ಎಪ್ಪತ್ತು ದಿನ. ಕುಡಿ ಚಿವುಟಿದರೆ ಇನ್ನೊಂದು ವಾರ ಸೇರಿಸಿಕೊಳ್ಳಿ. ಒಟ್ಟು ಹತ್ತು ಹನ್ನೊಂದು ವಾರ. ಲಾಲ್‌ಬಾಗ್‌ನ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನಕ್ಕೆ ಗಿಡ ಸಜ್ಜುಮಾಡುವವರು ಬೇಕಾದ ದಿನದಿಂದ ಹಿಂದಕ್ಕೆ ಎಣಿಸುತ್ತಾರೆ. ಮನೆಯಲ್ಲೂ ಅದೇ ಲೆಕ್ಕ ನಡೆಯುತ್ತದೆ. ಸಂಕ್ರಾಂತಿಗೆ ಹೂ ಬೇಕಿದ್ದರೆ ಅಕ್ಟೋಬರ್ ಕೊನೆಯ ವಾರದಲ್ಲಿ ಬೀಜ ಮಣ್ಣಿಗೆ ಬೀಳಬೇಕು. ಯುಗಾದಿಗೆ ಬೇಕಿದ್ದರೆ ಸಂಕ್ರಾಂತಿಯ ಆಸುಪಾಸಿನಲ್ಲಿ ಬಿತ್ತಬೇಕು.

ಬಿತ್ತನೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೀಜ ಬಾಣದ ತುದಿಯಂತೆ ಚಪ್ಪಟೆ, ಎತ್ತಿ ಹಿಡಿಯಲು ಸುಲಭ. ಕಾಲಂಗುಲ ಆಳಕ್ಕೆ ಹಾಕಿ ಮೇಲೆ ತೆಳುವಾಗಿ ಮಣ್ಣು ಮುಚ್ಚಿದರೆ ನಾಲ್ಕೈದು ದಿನಕ್ಕೆ ಮೊಳಕೆ ಕಾಣುತ್ತದೆ. ಬೇರು ಕದಲಿದರೆ ಸಸಿ ಮುನಿಸಿಕೊಳ್ಳುವುದರಿಂದ ನೇರ ಮಡಿಗೇ ಬಿತ್ತುವುದು ಒಳ್ಳೆಯದು; ಗುಬ್ಬಿ, ಇರುವೆ, ಬಸವನಹುಳುಗಳ ಕಾಟವಿದ್ದರೆ ಕಾಗದದ ಲೋಟಗಳಲ್ಲಿ ಎಬ್ಬಿಸಿ, ನಾಲ್ಕು ನಿಜ ಎಲೆ ಬಂದ ಮೇಲೆ ಮಣ್ಣಿನ ಹೆಂಟೆ ಒಡೆಯದಂತೆ ಇಳಿಸಿ. ಗಿಡದಿಂದ ಗಿಡಕ್ಕೆ ಒಂದಡಿ. ತಾರಸಿಯಲ್ಲಾದರೆ ಹನ್ನೆರಡು ಅಂಗುಲದ ಗ್ರೋ ಬ್ಯಾಗಿಗೆ ಒಂದೇ ಗಿಡ. ಎರಡು ಹಾಕಬೇಕೆನ್ನುವ ಆಸೆಯನ್ನು ಹತ್ತಿಕ್ಕಿಕೊಳ್ಳಿ. ಬಿಸಿಲು ದಿನಕ್ಕೆ ಆರು ಗಂಟೆಗೆ ಕಡಿಮೆಯಾಗಬಾರದು. ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವೋ ಎರೆಗೊಬ್ಬರವೋ, ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ. ಯೂರಿಯಾದ ಸಹವಾಸ ಬೇಡ. ಸಾರಜನಕ ಹೆಚ್ಚಾದರೆ ಎಲೆ ಸೊಂಪಾಗಿ ಕಾಂಡ ಮೆದುವಾಗುತ್ತದೆ, ಮೆದು ಕಾಂಡದ ಹೂ ಜಾಡಿಯಲ್ಲಿ ನಿಲ್ಲುವುದಿಲ್ಲ.

ಇನ್ನು ಕತ್ತರಿಯ ಮಾತು. ಜಿನಿಯಾದ ಎಲೆಗಳು ಕಾಂಡಕ್ಕೆ ಅಂಟಿಕೊಂಡಂತೆ ಎದುರುಬದುರಾಗಿ ಜೋಡಿಯಲ್ಲಿ ಬರುತ್ತವೆ. ಒಂದು ಜೋಡಿ ಪೂರ್ವ–ಪಶ್ಚಿಮಕ್ಕೆ ಮುಖ ಮಾಡಿದರೆ ಮೇಲಿನದು ಉತ್ತರ–ದಕ್ಷಿಣಕ್ಕೆ. ಒಂದೊಂದು ಎಲೆಯ ಕಂಕುಳಲ್ಲೂ ಒಂದು ಮಲಗಿದ ಮೊಗ್ಗಿದೆ. ಗಿಡದ ತುದಿ ಇರುವತನಕ ಅದು ಏಳುವುದಿಲ್ಲ, ಎದ್ದರೂ ಸೊರಗಿರುತ್ತದೆ. ತುದಿ ಹೋದೊಡನೆ ಅದರ ಕೆಳಗಿನ ಮೊಗ್ಗುಗಳು ಎಚ್ಚರಗೊಳ್ಳುತ್ತವೆ. ತುಳಸಿಯ ಕದಿರನ್ನು ಆಗಾಗ ಚಿವುಟುವ ಮನೆಗಳಲ್ಲಿ ಗಿಡ ಹೇಗೆ ಗುಂಪುಗುಂಪಾಗಿ ಟಿಸಿಲೊಡೆಯುತ್ತದೆ ಎಂದು ಎಲ್ಲರೂ ಕಂಡಿದ್ದಾರೆ. ಚೆಂಡುಹೂ, ಸೇವಂತಿಗೆ ಬೆಳೆಯುವ ರೈತರೂ ನಾಟಿಯಾದ ತಿಂಗಳೊಳಗೆ ಕುಡಿ ಚಿವುಟುತ್ತಾರೆ.

ಇದರ ಹಿಂದಿನ ಕಾರಣವನ್ನು ವಿಜ್ಞಾನಿಗಳು ಬಹುಕಾಲದಿಂದ ಹುಡುಕುತ್ತಿದ್ದಾರೆ. 1930ರ ದಶಕದಲ್ಲಿ ಕೆನೆತ್ ತಿಮನ್ ಮತ್ತು ಫೋಕ್ ಸ್ಕೂಗ್ ಅವರು ಬೀನ್ಸ್ ಜಾತಿಯ ಗಿಡದ ತುದಿ ಕತ್ತರಿಸಿ, ಆ ಗಾಯದ ಮೇಲೆ ಆಕ್ಸಿನ್ ಎಂಬ ಚೋದಕವನ್ನು ಹಚ್ಚಿ ನೋಡಿದರು. ತುದಿಯಿಲ್ಲದಿದ್ದರೂ ಪಕ್ಕದ ಮೊಗ್ಗುಗಳು ಏಳಲಿಲ್ಲ. ತುದಿಯಲ್ಲಿ ತಯಾರಾಗಿ ಕೆಳಗಿಳಿಯುವ ಆಕ್ಸಿನ್ನೇ ಮೊಗ್ಗುಗಳನ್ನು ತಡೆಯುತ್ತದೆ ಎಂಬ ತಿಳಿವಳಿಕೆ ಅಲ್ಲಿಂದ ಬೇರೂರಿತು. 2014ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು ಬಟಾಣಿ ಗಿಡದಲ್ಲಿ ಇನ್ನೊಂದು ಸಂಗತಿ ಕಂಡರು. ತುದಿ ಕತ್ತರಿಸಿದ ಮೇಲೆ ಕೆಳಗಿನ ಮೊಗ್ಗುಗಳು ಆಕ್ಸಿನ್ ಇಳಿಮುಖವಾಗುವ ಮೊದಲೇ ಎಚ್ಚರಗೊಂಡಿದ್ದವು. ತುದಿಗೆ ಹರಿದು ಹೋಗುತ್ತಿದ್ದ ಸಕ್ಕರೆ ಈಗ ಅವುಗಳ ಕಡೆ ತಿರುಗಿತ್ತು. ಎಲೆ ತಯಾರಿಸಿದ ಆಹಾರವನ್ನು ತುದಿ ಸೆಳೆದುಕೊಳ್ಳುವುದರಿಂದಲೇ ಮೊಗ್ಗು ಹಸಿದು ಮಲಗಿರುತ್ತದೆ ಎಂಬುದು ಅವರ ವಿವರಣೆ. ಮನೆಯ ತೋಟದವರು ಇದರಿಂದ ಒಂದು ಮಾತು ಹಿಡಿದುಕೊಳ್ಳಬೇಕು: ಕತ್ತರಿಸಿದ ಜಾಗದ ಕೆಳಗೆ ಆರೋಗ್ಯವಾದ ಎಲೆಗಳು ಉಳಿದಿರಬೇಕು. ಹೊಸ ಕವಲಿಗೆ ಊಟ ಹಾಕುವುದು ಆ ಎಲೆಗಳೇ. ಬರಿಯ ಬೋಳು ಕಡ್ಡಿ ಉಳಿಸಿದರೆ ಮೊಗ್ಗು ಏಳಲು ಬಲವಿರುವುದಿಲ್ಲ.

ಮೊದಲ ಕತ್ತರಿ ಗಿಡ ಒಂದಡಿ ಎತ್ತರವಾಗುವ ಮೊದಲೇ ಬೀಳಬೇಕು. ಕೆಳಗಿನಿಂದ ಮೂರು ಜೋಡಿ ಎಲೆ ಎಣಿಸಿ, ಮೂರನೆಯ ಜೋಡಿಯ ಮೇಲೆ ತುದಿಯನ್ನು ಕತ್ತರಿಸಿ ಬಿಡಿ. ಬಿತ್ತಿ ಸುಮಾರು ನಾಲ್ಕು ವಾರವಾಗಿರುತ್ತದೆ. ಚಳಿಗಾಲದಲ್ಲಿ ನಮ್ಮಲ್ಲಿ ಆ ಹೊತ್ತಿಗಾಗಲೇ ತುದಿಯಲ್ಲಿ ಮೊಗ್ಗಿನ ಗುರುತು ಕಾಣುತ್ತದೆ. ಅದನ್ನು ನೋಡಿ ಕೈ ಹಿಂದೆಗೆಯುವುದು ಸಹಜ. ಆ ಮೊಗ್ಗು ಉಳಿಸಿದರೆ ಸಿಗುವುದು ಒಂದು ಹೂ. ಕತ್ತರಿಸಿದರೆ ನಾಲ್ಕು ಗಟ್ಟಿ ಕವಲುಗಳಾದರೂ ಏಳುತ್ತವೆ. ಕುಂಡಗಳು ಹತ್ತೋ ಹನ್ನೆರಡೋ ಇರುವವರು ಅರ್ಧ ಗಿಡಗಳ ಕುಡಿ ಚಿವುಟಿ ಇನ್ನರ್ಧವನ್ನು ಹಾಗೇ ಬಿಡಬಹುದು. ಬಿಟ್ಟ ಗಿಡಗಳ ಮೊದಲ ಹೂವನ್ನೇ ಮೂರನೆಯ ಜೋಡಿಯವರೆಗೆ ಇಳಿಸಿ ಕತ್ತರಿಸಿದರೆ ಅಲ್ಲಿಗೆ ಅವುಗಳ ಕುಡಿಯೂ ಚಿವುಟಿದಂತಾಯಿತು, ಒಂದು ಹೂವೂ ಮನೆಗೆ ಬಂತು. ಕೊಯ್ಲು ಹಿಂದುಮುಂದಾಗಿ ಬರುವುದರಿಂದ ಮನೆ ಒಂದು ವಾರವೂ ಖಾಲಿ ಇರುವುದಿಲ್ಲ. ನಾನು ಅನುಸರಿಸುವುದು ಇದೇ ಕ್ರಮವನ್ನು.

ಎರಡನೆಯ ಕತ್ತರಿಯಲ್ಲೇ ಹೆಚ್ಚಿನವರು ಎಡವುವುದು. ಕವಲುಗಳು ಬೆಳೆದು ಹೂ ಅರಳಿದಾಗ, ಹೂವಿನಿಂದ ಕೆಳಗೆ ಕಾಂಡವನ್ನೇ ಹಿಡಿದು ಬೆರಳು ಜಾರಿಸಿಕೊಂಡು ಹೋಗಿ. ಆ ಕವಲು ದಪ್ಪ ಕಾಂಡವನ್ನು ಸೇರುವ ಗೆಣ್ಣು ಸಿಗುತ್ತದೆ. ಅಲ್ಲಿಂದ ಮೇಲಕ್ಕೆ ಒಂದು ಜೋಡಿ ಎಲೆ ಬಿಟ್ಟು, ಅದರ ಮೇಲೆ ಕತ್ತರಿಸಿ. ಕೈಗೆ ಬಂದ ಕಾಂಡದಲ್ಲಿ ಹೂವಿನ ಕೆಳಗೆ ಎರಡು ಪಕ್ಕದ ಮೊಗ್ಗುಗಳಿರುತ್ತವೆ, ಕೆಲವು ಸಲ ನಾಲ್ಕು. ನಾಳೆಯೋ ನಾಡಿದ್ದೋ ಅರಳುವಂತೆ ಕಾಣುವ ಅವನ್ನು ಕಳೆದುಕೊಂಡೆವಲ್ಲ ಎಂಬ ಸಂಕಟದಿಂದಲೇ ಜನ ಮೇಲೆ ಕತ್ತರಿಸುತ್ತಾರೆ. ಹಾಗೆ ಉಳಿಸಿಕೊಂಡ ಮೊಗ್ಗುಗಳು ಅರಳುವುದು ಬೆರಳುದ್ದದ ತೊಟ್ಟಿನ ಮೇಲೆ. ಯಾವ ಜಾಡಿಗೂ ಅವು ಎಟುಕುವುದಿಲ್ಲ. ಅವುಗಳ ಮೇಲೆ ಇನ್ನೂ ಮೋಟು ತೊಟ್ಟಿನ ಮೊಗ್ಗುಗಳು ಬರುತ್ತವೆ. ಆಳಕ್ಕೆ ಕತ್ತರಿಸಿದಾಗ ಬುಡದ ಗೆಣ್ಣಿನಿಂದ ಎರಡು ಹೊಸ ಕವಲು ನೇರವಾಗಿ ಮೇಲೆದ್ದು, ಮೂರು ವಾರಗಳ ಆಸುಪಾಸಿನಲ್ಲಿ ಮೊದಲಿನಷ್ಟೇ ಉದ್ದದ ಕಾಂಡದ ಮೇಲೆ ಹೂ ಕೊಡುತ್ತವೆ. ಉದ್ದ ಕಾಂಡ ಬೇಕಿದ್ದವರಿಗೆ ಬೇರೆ ದಾರಿಯಿಲ್ಲ.

ಹಾಗೆಂದು ಒಂದು ಎರಡಾಗಿ, ಎರಡು ನಾಲ್ಕಾಗಿ ಕೊನೆಯಿಲ್ಲದೆ ಹೆಚ್ಚುತ್ತದೆ ಎಂದುಕೊಳ್ಳಬಾರದು. ಬೇರಿಗೆ ಮಿತಿಯಿದೆ, ಕುಂಡದ ಬೇರಿಗೆ ಇನ್ನೂ ಹೆಚ್ಚು ಮಿತಿ. ಮೂರನೆಯ ಸುತ್ತಿನ ಹೊತ್ತಿಗೆ ಕವಲುಗಳು ಸಣ್ಣಗಾಗುತ್ತವೆ. ಆಗ ಒಂದು ಗೆಣ್ಣಿನಲ್ಲಿ ಎದ್ದ ಎರಡರಲ್ಲಿ ಬಡಕಲಾದದ್ದನ್ನು ತೆಗೆದುಹಾಕಿ ಒಂದನ್ನೇ ಬೆಳೆಸಿದರೆ ಹೂವಿನ ಗಾತ್ರ ಉಳಿಯುತ್ತದೆ. ಪ್ರತಿ ದೊಡ್ಡ ಕೊಯ್ಲಿನ ಮರುದಿನ ಕಡಲೆಕಾಯಿ ಹಿಂಡಿ ನೆನೆಸಿ ತಿಳಿಗೊಳಿಸಿದ ನೀರನ್ನೋ ಜೀವಾಮೃತವನ್ನೋ ಬುಡಕ್ಕೆ ಹಾಕಿ. ಕೊಟ್ಟಷ್ಟೂ ತೆಗೆದುಕೊಳ್ಳುವವರು ಗಿಡಕ್ಕೆ ಇಷ್ಟನ್ನಾದರೂ ಕೊಡಬೇಕು. ಕೊಯ್ಯದೆ ಬಿಟ್ಟ, ಮಂಕಾದ ಹೂಗಳನ್ನೂ ಅದೇ ಆಳಕ್ಕೆ ಕತ್ತರಿಸಿ ತೆಗೆಯಿರಿ. ಬೀಜ ಕಟ್ಟತೊಡಗಿದ ಹೂವಿನ ಕಡೆಗೆ ಆಹಾರ ಹರಿದರೆ ಹೊಸ ಮೊಗ್ಗುಗಳು ಕಡಿಮೆಯಾಗುತ್ತವೆ.

ಯಾವಾಗ ಕೊಯ್ಯಬೇಕು? ಗುಲಾಬಿಯನ್ನು ಮೊಗ್ಗಿನಲ್ಲೇ ಕೊಯ್ದರೆ ನೀರಿನಲ್ಲಿ ಅರಳುತ್ತದೆ. ಜಿನಿಯಾ ಅರಳುವುದಿಲ್ಲ, ಕೊಯ್ದಾಗ ಎಷ್ಟು ಅರಳಿತ್ತೋ ಅಷ್ಟರಲ್ಲೇ ನಿಂತು, ಎರಡನೆಯ ದಿನ ಹೂವಿನ ಕೆಳಗೆ ಬಳುಕಿ ಜೋಲುತ್ತದೆ. ಕಾರಣ, ಹೂವಿನ ಕೆಳಗಿನ ಕಾಂಡ ಒಳಗೆ ಪೊಳ್ಳು. ಹೂ ಪೂರ್ತಿ ಬಲಿಯುವವರೆಗೆ ಅದು ಗಟ್ಟಿಯಾಗುವುದಿಲ್ಲ. ಬೆಳೆಗಾರರು ಇದಕ್ಕೊಂದು ಸುಲಭ ಪರೀಕ್ಷೆ ಇಟ್ಟುಕೊಂಡಿದ್ದಾರೆ. ಹೂವಿನಿಂದ ಒಂದು ಗೇಣು ಕೆಳಗೆ ಕಾಂಡವನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲುಗಾಡಿಸಿ. ಹೂವಿನ ತಲೆ ಆಚೀಚೆ ತೂಗಾಡಿದರೆ ಇನ್ನೂ ಎರಡು ದಿನ ಬಿಡಿ. ಕಾಂಡ ಕಡ್ಡಿಯಂತೆ ನೆಟ್ಟಗೆ ನಿಂತು ಹೂವೂ ಅದರ ಜೊತೆಗೇ ಅಲುಗಿದರೆ ಕೊಯ್ಯಿರಿ. ಕಣ್ಣಿಗೆ ಎಷ್ಟು ಅರಳಿದಂತೆ ಕಂಡರೂ ಈ ಪರೀಕ್ಷೆಯಿಲ್ಲದೆ ಕೊಯ್ಯಬೇಡಿ; ಜಾಡಿಯಲ್ಲಿ ಸೋಲುವ ಜಿನಿಯಾಗಳಲ್ಲಿ ಹೆಚ್ಚಿನವು ಎಳಸಾಗಿ ಕೊಯ್ದವು. ತೀರ ತಡವಾಗುವುದೂ ಬೇಡ. ನಡುವಿನ ಬಿಲ್ಲೆಯ ಸುತ್ತ ಹಳದಿ ನಕ್ಷತ್ರಗಳ ಉಂಗುರ ಮೂಡಲು ಶುರುವಾದಾಗ ಒಳಗಿನ ಸಣ್ಣ ಹೂಗಳು ಅಂಚಿನಿಂದ ಅರಳುತ್ತಿವೆ ಎಂದರ್ಥ. ಆ ಉಂಗುರ ಎರಡು ಮೂರು ಸುತ್ತು ಒಳಗೆ ಸರಿದಿದ್ದರೆ ಹೂವಿಗೆ ವಯಸ್ಸಾಗಿದೆ. ಅದನ್ನು ಚಿಟ್ಟೆಗಳಿಗೆ ಬಿಡಿ. ಚಿಟ್ಟೆಗಳಿಗೆ ಜಿನಿಯಾ ತುಂಬ ಇಷ್ಟ. ಬಿಸಿಲೇರಿದ ಮೇಲೆ ಗಿಡದ ಬಳಿ ಸ್ವಲ್ಪ ಹೊತ್ತು ನಿಂತರೆ ನಿಮಗೇ ಕಾಣುತ್ತದೆ.

ರೋಗಗಳಲ್ಲಿ ಎರಡನ್ನು ಗುರುತಿಸಲು ಕಲಿತರೆ ಸಾಕು, ಏಕೆಂದರೆ ಅವೆರಡಕ್ಕೂ ಬೇಕಾದ ಹವೆ ಬೇರೆ ಬೇರೆ. ಎಲೆಯ ಮೇಲೆ ಕೆಂಗಂದು ಚುಕ್ಕೆಗಳು ಮೂಡಿ, ನಡುವೆ ಬೂದುಬಣ್ಣವಾಗಿ ತೂತು ಬೀಳುವುದು ಎಲೆಚುಕ್ಕೆ ರೋಗ. ಅದು ಬೀಜದ ಜೊತೆಗೂ ಬರುತ್ತದೆ, ಎಲೆ ಒದ್ದೆಯಾಗಿದ್ದಷ್ಟೂ ಹಬ್ಬುತ್ತದೆ. ಪೈಪಿನಿಂದ ತಲೆಯ ಮೇಲೆ ನೀರು ಚಿಮ್ಮಿಸುವ ಮನೆಗಳಲ್ಲಿ ಇದು ತಪ್ಪದು. ಬೆಳಿಗ್ಗೆ ಬುಡಕ್ಕಷ್ಟೇ ನೀರು ಕೊಡುವುದು ಇದರ ಮೊದಲ ಮದ್ದು. ಇನ್ನೊಂದು ಬೂದಿ ರೋಗ. ಎಲೆಗೆ ಯಾರೋ ಸುಣ್ಣದ ಪುಡಿ ಎರಚಿದಂತೆ ಕಾಣುತ್ತದೆ. ಇದಕ್ಕೆ ಎಲೆ ಒದ್ದೆಯಾಗಬೇಕಿಲ್ಲ. ಒಣ ಹಗಲು, ತಂಪಾದ ತೇವದ ರಾತ್ರಿ ಸಿಕ್ಕರೆ ಸಾಕು. ನವೆಂಬರ್‌ನಿಂದ ಫೆಬ್ರುವರಿವರೆಗೆ ಬೆಂಗಳೂರು, ಮೈಸೂರಿನ ಹವೆ ಅಂಥದ್ದೇ. ಗಿಡಗಳು ಒತ್ತೊತ್ತಾಗಿದ್ದರೆ, ಗೋಡೆಯ ಮೂಲೆಯಲ್ಲಿ ಗಾಳಿಯಾಡದಿದ್ದರೆ ಕೆಳಗಿನ ಎಲೆಯಿಂದ ಶುರುವಾಗಿ ಮೇಲೇರುತ್ತದೆ. ಮೊದಲು ಬಿಳಿಚಿದ ಎಲೆಗಳನ್ನು ಕಿತ್ತು ದೂರ ಹಾಕಿ. ಹಾಲು ಒಂದು ಪಾಲು, ನೀರು ಒಂಬತ್ತು ಪಾಲು ಬೆರೆಸಿ ಬೆಳಗಿನ ಬಿಸಿಲಿನಲ್ಲಿ ವಾರಕ್ಕೊಮ್ಮೆ ಎಲೆಗೆ ಸಿಂಪಡಿಸುವುದು ರೋಗ ಹಬ್ಬುವ ಮೊದಲು ಶುರುಮಾಡಿದರೆ ಫಲ ಕೊಡುತ್ತದೆ. ಹಬ್ಬಿದ ಮೇಲೆ ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ ಎರಡು ಗ್ರಾಂ ಲೆಕ್ಕದಲ್ಲಿ ಸಿಂಪಡಿಸಬೇಕು, ಸಂಜೆಯ ತಂಪಿನಲ್ಲಿ. ಬಿಸಿಲಿನಲ್ಲಿ ಗಂಧಕ ಎಲೆ ಸುಡುತ್ತದೆ.

ಗಾಳಿ ಮತ್ತು ನೀರಿನ ಹದ ಎಷ್ಟು ಮುಖ್ಯವೆಂಬುದಕ್ಕೆ ಭೂಮಿಯಾಚೆಯ ಒಂದು ಉದಾಹರಣೆಯಿದೆ. 2015ರ ನವೆಂಬರ್‌ನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ನಾಸಾದ ಯಾತ್ರಿಗಳು ಜಿನಿಯಾ ಬೆಳೆಯಲು ತೊಡಗಿದರು. ಲೆಟಿಸ್ ಸೊಪ್ಪಿಗಿಂತ ಹೆಚ್ಚು ಕಾಲ ಬೇಕಾಗುವ, ಹೂ ಬಿಡುವ ಗಿಡವನ್ನು ಅಲ್ಲಿ ಸಾಕಲು ಸಾಧ್ಯವೇ ಎಂದು ತಿಳಿಯಬೇಕಿತ್ತು. ಮುಂದೆ ಟೊಮೆಟೊ ಬೆಳೆಯುವುದಕ್ಕೆ ಇದು ಮುನ್ನೋಟ. ತೇವ ಹೆಚ್ಚಾಗಿ ಎಲೆಗಳು ಬೂಷ್ಟು ಹಿಡಿದವು. ಸ್ಕಾಟ್ ಕೆಲ್ಲಿ ಕೆಟ್ಟ ಎಲೆಗಳನ್ನು ಕತ್ತರಿಸಿ ತೆಗೆದರು, ಗಾಳಿಯ ಫ್ಯಾನಿನ ವೇಗ ಹೆಚ್ಚಿಸಲಾಯಿತು. ಆಮೇಲೆ ಗಿಡಗಳು ನೀರಿಲ್ಲದೆ ಬಾಡತೊಡಗಿದವು. ನೀರುಣಿಸಲು ನಿಗದಿಯಾದ ದಿನ ಇನ್ನೂ ಬಂದಿರಲಿಲ್ಲ. ಗಿಡವನ್ನು ಕಣ್ಣಾರೆ ನೋಡಿ ಯಾವಾಗ ನೀರು ಬೇಕೆಂದು ತಾವೇ ತೀರ್ಮಾನಿಸಲು ಬಿಡಿ ಎಂದು ಕೆಲ್ಲಿ ಕೇಳಿದರು. ನೆಲದ ಮೇಲಿನವರು ಒಪ್ಪಿ ಒಂದು ಪುಟದ ಆರೈಕೆ ಸೂಚನೆಯನ್ನಷ್ಟೇ ಕಳಿಸಿದರು. 2016ರ ಜನವರಿ ನಡುವಿನಲ್ಲಿ ಕಿತ್ತಳೆ ಬಣ್ಣದ ಹೂ ಅರಳಿತು. ಫೆಬ್ರುವರಿ 14ರಂದು ಕೆಲ್ಲಿ ಹೂಗಳನ್ನು ಕೊಯ್ದು, ಭೂಮಿ ಕಾಣುವ ಕಿಟಕಿಯ ಮುಂದೆ ಹಿಡಿದು ಚಿತ್ರ ತೆಗೆದರು. ಕ್ಯಾಲೆಂಡರ್ ನೋಡಿ ನೀರು ಹಾಕುವವರೆಲ್ಲ ಈ ಪ್ರಸಂಗವನ್ನು ನೆನಪಿಡಬೇಕು. ಬೆರಳನ್ನು ಮಣ್ಣಿನಲ್ಲಿ ಎರಡು ಗೆಣ್ಣಿನವರೆಗೆ ಇಳಿಸಿ ನೋಡಿ, ಒಣಗಿದ್ದರೆ ನೀರು ಕೊಡಿ.

ಹಿಟ್ಟುತಿಗಣೆ, ಬಿಳಿನೊಣಗಳೂ ಬರುತ್ತವೆ. ಬೇವಿನೆಣ್ಣೆಯ ಸಿಂಪಡಣೆ ಅವಕ್ಕೆ ಸಾಲುತ್ತದೆ. ಬಿಳಿನೊಣ ತಂದ ವೈರಸ್ಸಿನಿಂದ ಎಲೆ ಮುದುಡಿ ನರಗಳು ಉಬ್ಬಿದ ಗಿಡವನ್ನು ಮಾತ್ರ ಉಳಿಸಲು ಹೋಗದೆ ಬೇರುಸಹಿತ ಕಿತ್ತುಹಾಕಿ. ಗಾಳಿ ಜೋರಾಗಿರುವ ತಾರಸಿಯಲ್ಲಿ ನಾಲ್ಕು ಬಿದಿರು ಕಡ್ಡಿ ನೆಟ್ಟು ಸುತ್ತ ಹುರಿ ಕಟ್ಟಬೇಕು. ಓರೆಯಾಗಿ ಬೆಳೆದ ಗಿಡದ ಕಾಂಡ ಸೊಟ್ಟಗಾಗುತ್ತದೆ, ಜಾಡಿಯಲ್ಲಿ ಅದನ್ನು ನೇರ ಮಾಡಲಾಗುವುದಿಲ್ಲ.

ಕೊಯ್ಲಿಗೆ ಒಳ್ಳೆಯ ಹೊತ್ತು ಬೆಳಿಗ್ಗೆ, ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮೊದಲು. ಬಕೆಟ್ಟಿನಲ್ಲಿ ನೀರನ್ನು ಗಿಡದ ಪಕ್ಕಕ್ಕೇ ಒಯ್ದು, ಕತ್ತರಿಸಿದ ಕಾಂಡವನ್ನು ಕೂಡಲೇ ಅದರಲ್ಲಿಡಿ. ನೀರಿನೊಳಗೆ ಮುಳುಗುವ ಎಲೆಗಳನ್ನೆಲ್ಲ ಬಿಡಿಸಿ. ಜಿನಿಯಾದ ಕಾಂಡ ನೀರನ್ನು ಬೇಗ ಕೆಡಿಸುತ್ತದೆ. ಕೆಟ್ಟ ನೀರಿನ ಬ್ಯಾಕ್ಟೀರಿಯಾ ಕಾಂಡದ ಬಾಯಿ ಮುಚ್ಚಿದರೆ ಹೂ ನೀರಿನಲ್ಲಿದ್ದೂ ಬಾಯಾರಿ ಬಾಡುತ್ತದೆ. ಹಾಗಾಗಿ ದಿನಬಿಟ್ಟು ದಿನ ನೀರು ಬದಲಿಸುವುದು, ಬದಲಿಸುವಾಗ ಕಾಂಡದ ತುದಿಯನ್ನು ಅರ್ಧ ಅಂಗುಲ ಕತ್ತರಿಸುವುದು, ಜಾಡಿಯನ್ನು ಪಾತ್ರೆಯಂತೆ ತಿಕ್ಕಿ ತೊಳೆಯುವುದು ಕಡ್ಡಾಯ. ಲೀಟರ್ ನೀರಿಗೆ ಒಂದು ಚಮಚ ಸಕ್ಕರೆ, ಅರ್ಧ ಹೋಳು ನಿಂಬೆರಸ, ಎರಡು ಹನಿ ಬ್ಲೀಚ್ ಬೆರೆಸಿದರೆ ಹೂವಿಗೆ ಆಹಾರವೂ ಆಯಿತು, ನೀರೂ ಕೆಡಲಿಲ್ಲ. ಹೀಗೆ ನೋಡಿಕೊಂಡ ಜಿನಿಯಾ ಒಂದು ವಾರ ಧಾರಾಳವಾಗಿ ನಿಲ್ಲುತ್ತದೆ, ತಂಪಿನ ದಿನಗಳಲ್ಲಿ ಹತ್ತು ದಿನ. ಮಲ್ಲಿಗೆ ಮಾಲೆಯನ್ನು ಬಾಳೆಲೆಯಲ್ಲಿ ಸುತ್ತಿ ಫ್ರಿಜ್‌ನಲ್ಲಿಡುವ ರೂಢಿಯಂತೆ ಇದನ್ನು ಇಡಬೇಡಿ. ಬಿಸಿಲ ನಾಡಿನ ಈ ಹೂವಿಗೆ ಫ್ರಿಜ್‌ನ ಚಳಿ ಆಗದು, ಎಸಳು ಕಪ್ಪಿಡುತ್ತವೆ. ದುಬಾರಿ ಗಾಜಿನ ಹೂದಾನಿಯೂ ಬೇಕಿಲ್ಲ. ಕಡುಗೆಂಪು, ಕಿತ್ತಳೆ ಜಿನಿಯಾಗಳಿಗೆ ಹುಣಸೆಹಣ್ಣು ಹಚ್ಚಿ ಬೆಳಗಿದ ಹಿತ್ತಾಳೆ ಚೊಂಬಿಗಿಂತ ಚೆನ್ನಾಗಿ ಒಪ್ಪುವ ಪಾತ್ರೆ ನಾನು ಕಂಡಿಲ್ಲ. ಚೊಂಬಿನ ನೀರಿಗೆ ಮಾತ್ರ ನಿಂಬೆರಸ, ಬ್ಲೀಚ್ ಹಾಕಬೇಡಿ. ದಿನವೂ ಹೊಸ ನೀರು ತುಂಬಿ.

ಒಂದು ಗಿಡ ಹೀಗೆ ಆರರಿಂದ ಎಂಟು ವಾರ ದುಡಿಯುತ್ತದೆ. ಆಮೇಲೆ ಎಷ್ಟೇ ಉಪಚರಿಸಿದರೂ ಅದು ವಾರ್ಷಿಕ ಗಿಡವೇ, ದಣಿಯುತ್ತದೆ. ಮೊದಲ ತಂಡದ ಕುಡಿ ಚಿವುಟುವ ದಿನವೇ ಎರಡನೆಯ ತಂಡದ ಬೀಜ ಹಾಕಿದರೆ, ಹಳೆಯವು ಸೊರಗುವ ಹೊತ್ತಿಗೆ ಹೊಸವು ಹೂ ಬಿಡುತ್ತಿರುತ್ತವೆ. ಜಾಗ ಕಡಿಮೆಯಿದ್ದರೆ ಹತ್ತು ಗಿಡ ಒಮ್ಮೆಲೇ ಹಾಕುವುದರ ಬದಲು ಐದೈದರಂತೆ ಎರಡು ಸಲ ಹಾಕಿ.

ಕೊನೆಯ ಸುತ್ತಿನಲ್ಲಿ, ರೋಗ ತಗಲದ ಗಿಡದ ಅತ್ಯುತ್ತಮ ಹೂ ಎರಡು ಮೂರನ್ನು ಕೊಯ್ಯದೆ ಗಿಡದಲ್ಲೇ ಒಣಗಲು ಬಿಡಿ. ತಲೆ ಕಂದಾಗಿ, ಹಿಸುಕಿದರೆ ಗರಿಗರಿ ಎನ್ನುವಂತಾದಾಗ ಕಿತ್ತು ಬಿಡಿಸಿದರೆ ಒಣ ಎಸಳಿನ ಬುಡದಲ್ಲಿ ಬೀಜ ಸಿಗುತ್ತದೆ. ಹೈಬ್ರಿಡ್ ತಳಿಯ ಬೀಜ ತಾಯಿಯಂತೆಯೇ ಬರುವುದಿಲ್ಲ. ಬೇರೆ ತಳಿಗಳಲ್ಲೂ ಜೇನು, ಚಿಟ್ಟೆಗಳು ಪರಾಗ ಬೆರೆಸುವುದರಿಂದ ಬಣ್ಣ ಬದಲಾಗಬಹುದು. ಬೀಜವನ್ನು ಒಂದು ವಾರ ನೆರಳಲ್ಲಿ ಆರಿಸಿ, ಕಾಗದದ ಪೊಟ್ಟಣದಲ್ಲಿ ಕಟ್ಟಿ, ಮೇಲೆ ಬಣ್ಣವನ್ನೂ ತಿಂಗಳನ್ನೂ ಬರೆದು ತೇವ ತಾಕದ ಡಬ್ಬಿಯಲ್ಲಿಡಿ. ಅಷ್ಟು ಮಾಡಿದರೆ ಮೂರು ವರ್ಷದವರೆಗೂ ಅದು ಮೊಳೆಯುತ್ತದೆ. ಹೆಚ್ಚಾದ ಬೀಜವನ್ನು ಪಕ್ಕದ ಮನೆಯವರಿಗೆ ಕೊಡಿ. ಕೊಡುವಾಗ ಎಲ್ಲಿ ಕತ್ತರಿಸಬೇಕೆಂಬುದನ್ನೂ ತೋರಿಸಿಕೊಡಿ.